ಫ್ರೇಸರ್‌ಗೆ ಹೋಗುವ ಗಾಡಿ

ಶಿಕಾಗೋ ಪಕ್ಕದ ನೇಪರ್‌ವಿಲ್‌ನಿಂದ ಕೊಲರಾಡೊದ ಸ್ಕೀ ಬೆಟ್ಟಗಳಿಗೆ ಹೋಗಲು ಮೂರು ದಾರಿ. ವಿಮಾನ ಹತ್ತಿದರೆ ಎರಡೂವರೆ ಗಂಟೆಯಲ್ಲಿ ಡೆನ್ವರ್. ಕಾರಿನಲ್ಲಾದರೆ ಐ-80 ಹೆದ್ದಾರಿ ಹಿಡಿದು ಅಯೋವಾ, ನೆಬ್ರಾಸ್ಕಾ ದಾಟಿ ಸಾವಿರ ಮೈಲಿ. ಮೂರನೆಯದು ರೈಲು. ಇಲ್ಲಿನ ಕನ್ನಡದವರಿಗೆಲ್ಲ ಮೊದಲ ಎರಡು ದಾರಿ ಬಾಯಿಪಾಠ. ಮೂರನೆಯದರಲ್ಲಿ ಹೋದವರು ಕಡಿಮೆ. ಅರೋರಾದ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಾಗ ಮಾತಿಗೆ ಮಾತು ಬಂದು 'ರೈಲಲ್ಲಿ ಸ್ಕೀಯಿಂಗಿಗೆ ಹೋಗಿದ್ವಿ' ಅಂದರೆ, 'ಅಲ್ಲಿಗೂ ರೈಲಿದೆಯಾ?' ಎಂದು ಕೇಳುತ್ತಾರೆ. ಇದೆ. ಹೆಸರು ಕ್ಯಾಲಿಫೋರ್ನಿಯಾ ಝೆಫರ್. ಶಿಕಾಗೋ ಯೂನಿಯನ್ ಸ್ಟೇಷನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋ ಎದುರಿನ ಎಮರಿವಿಲ್‌ವರೆಗೆ 2,438 ಮೈಲಿ, ಎರಡು ರಾತ್ರಿ ಓಡುವ ಗಾಡಿ. ನೇಪರ್‌ವಿಲ್‌ನಲ್ಲಿ ನಿಲ್ಲುತ್ತದೆ. ಮರುದಿನ ಬೆಳಗ್ಗೆ ರಾಕಿ ಪರ್ವತದ ಆಚೆ ಬದಿಯ ಫ್ರೇಸರ್ ಎಂಬ ಪುಟ್ಟ ಊರಲ್ಲಿ ನಮ್ಮನ್ನು ಇಳಿಸುತ್ತದೆ. ಅಲ್ಲಿಂದ ವಿಂಟರ್ ಪಾರ್ಕ್ ಸ್ಕೀ ತಾಣಕ್ಕೆ ಕೆಲವೇ ನಿಮಿಷ.

ನನ್ನ ಮಕ್ಕಳಿಬ್ಬರೂ ಈಗ ಕಾಲೇಜು ಮುಗಿಸಿ ಬೇರೆ ಬೇರೆ ಊರಲ್ಲಿದ್ದಾರೆ. ಹಬ್ಬಕ್ಕೆ ಮನೆಗೆ ಬಂದಾಗ ಆ ಚಳಿಗಾಲಗಳ ಮಾತು ಏಳುತ್ತದೆ. ಯಾವ ಇಳಿಜಾರಿನಲ್ಲಿ ಯಾರು ಎಷ್ಟು ಚೆನ್ನಾಗಿ ಸ್ಕೀ ಮಾಡಿದರು ಎಂಬುದು ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ರೈಲಿನಲ್ಲಿ ಯಾರು ಎಲ್ಲಿ ಕೂತಿದ್ದರು, ಅಜ್ಜಿ ಏನಂದರು, ಯಾವ ಸ್ಟೇಷನ್ನಿನಲ್ಲಿ ಹಿಮ ಮೊಣಕಾಲಿಗೆ ಬಂದಿತ್ತು ಎಂಬುದೆಲ್ಲ ಇಂಚಿಂಚೂ ನೆನಪಿದೆ. ಕಾರಣ ಸರಳ ಅನ್ನಿಸುತ್ತದೆ ನನಗೆ. ಕಾರಿನಲ್ಲಿ ಹೋದ ವರ್ಷಗಳಲ್ಲಿ ಯಜಮಾನರ ಕಣ್ಣು ರಸ್ತೆಯ ಮೇಲೆ, ನನ್ನ ಕಣ್ಣು ಫೋನಿನ ನಕ್ಷೆಯ ಮೇಲೆ, ಮಕ್ಕಳ ಕಣ್ಣು ನಮ್ಮಿಬ್ಬರ ಬೆನ್ನಿನ ಮೇಲೆ. ನೆಬ್ರಾಸ್ಕಾದ ಗಾಳಿಗೆ ಹಿಮದ ಪುಡಿ ರಸ್ತೆಗೆ ಅಡ್ಡ ಹಾರುವಾಗ ಕಾರೊಳಗೆ ಯಾರೂ ಉಸಿರೆತ್ತುತ್ತಿರಲಿಲ್ಲ. ರೈಲಿನಲ್ಲಿ ಮನೆಯವರು ಯಾರೂ ಗಾಡಿ ಓಡಿಸಬೇಕಿಲ್ಲ. ಎಲ್ಲರ ಮುಖವೂ ಎಲ್ಲರಿಗೂ ಕಾಣುತ್ತದೆ, ಸುಮಾರು ಇಪ್ಪತ್ತು ಗಂಟೆ.

ಇದು ನನಗೆ ಹೊಸದಲ್ಲ. ನಾನು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಗಾರ್ಡ್. ಕೆಂಪು ಹಸಿರು ಬಾವುಟ, ಕೈದೀಪ, ಸೀಟಿ ಇಟ್ಟ ಅವರ ಕಬ್ಬಿಣದ ಪೆಟ್ಟಿಗೆ ಜಗುಲಿಯ ಮೇಲಿದ್ದರೆ ಅಪ್ಪ ಮನೆಯಲ್ಲಿದ್ದಾರೆ ಎಂದರ್ಥ. ಸಂಬಳ ಸಣ್ಣದು, ಪಾಸು ದೊಡ್ಡದು. ಬೇಸಿಗೆ ರಜೆ ಬಂದರೆ ಆ ಪಾಸಿನಲ್ಲೇ ಬೊಂಬಾಯಿಗೆ, ಸೋದರಮಾವನ ಮನೆಗೆ. ಆಗ ಬೆಂಗಳೂರಿನಿಂದ ಮೀರಜ್‌ವರೆಗೆ ಮೀಟರ್ ಗೇಜು. ಬೀರೂರು, ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಲೋಂಡಾ, ಬೆಳಗಾವಿ, ಘಟಪ್ರಭಾ ಎಲ್ಲ ದಾಟಿ ಮೀರಜ್‌ನಲ್ಲಿ ಗಂಟುಮೂಟೆ ಇಳಿಸಿ, ಎದುರಿನ ಪ್ಲಾಟ್‌ಫಾರ್ಮಿನ ದೊಡ್ಡ ಗಾಡಿಗೆ ಓಡಬೇಕು. ಮೀರಜ್‌ನಿಂದ ಪುಣೆಯ ಕಡೆಗೆ 1971ರಲ್ಲೇ ಬ್ರಾಡ್ ಗೇಜ್ ಆಗಿತ್ತು. ನಮ್ಮ ಕಡೆಗೆ ಅದು ಬಂದದ್ದು ತೊಂಬತ್ತರ ದಶಕದಲ್ಲಿ. ಹೋಲ್ಡಾಲಿನಲ್ಲಿ ಸುತ್ತಿದ ಹಾಸಿಗೆ, ಕೂಜದಲ್ಲಿ ನೀರು, ಎರಡು ದಿನಕ್ಕಾಗುವಷ್ಟು ಚಪಾತಿ, ಪುಳಿಯೋಗರೆ. ಕಿಟಕಿಗೆ ಮುಖವಿಟ್ಟರೆ ಕಣ್ಣಿಗೆ ಕಲ್ಲಿದ್ದಲ ಕಿಡಿ. ಅಮ್ಮ ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಂದ ಬೆಚ್ಚಗೆ ಊದಿ ಕಣ್ಣಿಗೆ ಒತ್ತುತ್ತಿದ್ದರು. ಊರಲ್ಲಿ ಡ್ಯೂಟಿ ಡ್ಯೂಟಿ ಎಂದು ಅರ್ಧ ರಾತ್ರಿಗೆ ಎದ್ದು ಹೋಗುತ್ತಿದ್ದ ಅಪ್ಪ ನಮಗೆ ಪೂರ್ತಿ ಸಿಗುತ್ತಿದ್ದದ್ದು ಆ ಗಾಡಿಯಲ್ಲಿ ಮಾತ್ರ. ರೈಲು ಓಡಿಸುವ ಕೆಲಸದವರು, ರೈಲಿನಲ್ಲೇ ಬಿಡುವಾಗಿ ಕೂತಿರುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದರು. ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ರಜೆ ಹತ್ತಿರವಿತ್ತು. ಹಿಮದ ಬೆಟ್ಟಕ್ಕೆ ಅಮ್ಮನನ್ನು ಕರೆದುಕೊಂಡು ಹೋಗುವುದೋ ಬೇಡವೋ ಎಂದು ನಾವು ಗಂಡ ಹೆಂಡತಿ ಯೋಚಿಸುತ್ತಿದ್ದಾಗ ಅಮ್ಮ ಕೇಳಿದ್ದು ಒಂದೇ ಮಾತು: 'ಗಾಡೀಲಿ ತಾನೆ? ಹಾಗಾದ್ರೆ ಬರ್ತೀನಿ.' ಅಮ್ಮನಿಗೆ ಮತ್ತು ಮಕ್ಕಳಿಗೆ ಮಲಗುವ ಬೋಗಿಯ ಕೆಳ ಅಂತಸ್ತಿನ ಫ್ಯಾಮಿಲಿ ಬೆಡ್‌ರೂಮ್ ತೆಗೆದುಕೊಂಡೆವು. ಬೋಗಿಯ ಅಗಲಕ್ಕೂ ಹರಡಿದ ಕೋಣೆ, ಎರಡೂ ಕಡೆ ಕಿಟಕಿ, ದೊಡ್ಡವರಿಗೆ ಎರಡು, ಮಕ್ಕಳಿಗೆ ಎರಡು ಬರ್ತ್. ನಾವಿಬ್ಬರು ಸಾಮಾನ್ಯ ಬೋಗಿಯಲ್ಲಿ. ಆ ಸೀಟುಗಳೂ ಹಿಂದಕ್ಕೆ ಒರಗುತ್ತವೆ, ಕಾಲು ಚಾಚಲು ಜಾಗವಿರುತ್ತದೆ. ಒಂದು ರಾತ್ರಿಗೆ ಧಾರಾಳವಾಯಿತು.

ಈ ಗಾಡಿಯ ಬೋಗಿಗಳು ಎರಡಂತಸ್ತಿನವು. ನಡುವೆ ಒಂದು ಲೌಂಜ್ ಬೋಗಿ. ಅದರ ಕಿಟಕಿ ಗಾಜು ಬಾಗಿ ಚಾವಣಿಯವರೆಗೂ ಏರಿರುತ್ತದೆ, ಸೀಟುಗಳು ಹೊರಗೆ ಮುಖ ಮಾಡಿರುತ್ತವೆ. ಮಧ್ಯಾಹ್ನ ಹತ್ತಿದವರು ಗೇಲ್ಸ್‌ಬರ್ಗ್ ಬರುವಷ್ಟರಲ್ಲಿ ಅಲ್ಲಿ ಸೇರಿದ್ದೆವು. ಬರ್ಲಿಂಗ್ಟನ್ ಬಳಿ ಮಿಸಿಸಿಪ್ಪಿ ಹೊಳೆ ದಾಟುವಾಗ ಸಂಜೆಗೆಂಪು. ನೀರಿನ ಮೇಲೆ ಮಂಜುಗಡ್ಡೆಯ ಹಲಗೆಗಳು ನಿಂತಿದ್ದವು. 'ಹೊಳೆ ಬಂತು, ಕಾಸು ಹಾಕಬೇಕು' ಎಂದು ಅಮ್ಮ ಪರ್ಸಿಗೆ ಕೈ ಹಾಕಿದರು. ಕಿಟಕಿ ತೆರೆಯುವಂಥದ್ದಲ್ಲ. ಕೈ ಮುಗಿದು ಸುಮ್ಮನಾದರು.

ಆ ಬೋಗಿಯಲ್ಲೇ ಒಂದು ಆಮಿಶ್ ಕುಟುಂಬವಿತ್ತು. ಆಮಿಶ್ ಜನ ಸ್ವಂತ ಕಾರು ಇಟ್ಟುಕೊಳ್ಳುವುದಿಲ್ಲ, ಸಾಮಾನ್ಯವಾಗಿ ವಿಮಾನ ಹತ್ತುವುದೂ ಇಲ್ಲ. ದೂರದ ನೆಂಟರ ಮನೆಗೆ, ಮದುವೆಗೆ, ಆಸ್ಪತ್ರೆಗೆ ಹೋಗಬೇಕಾದರೆ ಅವರಲ್ಲಿ ಅನೇಕರು ರೈಲು ಹತ್ತುತ್ತಾರೆ. ಹಾಗಾಗಿ ಶಿಕಾಗೋದಿಂದ ಹೊರಡುವ ದೂರದ ಗಾಡಿಗಳಲ್ಲಿ ಅವರನ್ನು ಆಗಾಗ ಕಾಣಬಹುದು. ಗಂಡಸರಿಗೆ ಅಗಲ ಅಂಚಿನ ಟೋಪಿ, ಹೆಂಗಸರಿಗೆ ಬಿಳಿಯ ತಲೆಗವಸು, ತಮ್ಮೊಳಗೆ ಹಳೆಯ ಕಾಲದ ಜರ್ಮನ್ ನುಡಿ. ಅಮ್ಮನ ವಯಸ್ಸಿನವರೇ ಒಬ್ಬರು ತೊಡೆಯ ಮೇಲೆ ಬಟ್ಟೆಯ ತುಂಡುಗಳನ್ನು ಹರಡಿಕೊಂಡು ಕೈಯಲ್ಲಿ ಕೌದಿ ಹೊಲಿಯುತ್ತಿದ್ದರು. ಅಮ್ಮ ನೋಡಿದರು, ಇನ್ನೊಂದು ಸಲ ನೋಡಿದರು, ಎದ್ದು ಹೋಗಿ ಅವರ ಪಕ್ಕದಲ್ಲೇ ಕೂತರು.

ನಮ್ಮಮ್ಮನಿಗೆ ಇಂಗ್ಲಿಷ್ ಹತ್ತಾರು ಪದ. ಆ ಹೆಂಗಸು ಹೊಲಿಗೆಯನ್ನು ಅಮ್ಮನ ಕಡೆಗೆ ಸರಿಸಿದರು. ಅಮ್ಮ ಬೆರಳಲ್ಲಿ ಹೊಲಿಗೆಯ ಅಂತರ ಅಳೆದು ನೋಡಿ, 'ನಮ್ದು ಇನ್ನೂ ದೊಡ್ಡದಾಗಿ ಹಾಕ್ತೀವಿ, ಹಳೇ ಸೀರೆ ಅಲ್ವಾ, ಇಷ್ಟು ಒತ್ತಾಗಿ ಹಾಕಿದ್ರೆ ಬಟ್ಟೆ ಬಿಟ್ಕೊಳುತ್ತೆ' ಎಂದು ಕನ್ನಡದಲ್ಲೇ ಹೇಳಿದರು. ನಾನು ಅನುವಾದಿಸಲು ಹೋದೆ. ಅಷ್ಟರಲ್ಲಿ ಆಕೆ ಅಮ್ಮನ ಸೀರೆಯ ಅಂಚನ್ನು ಕೈಯಲ್ಲಿ ಹಿಡಿದು, ಅಗಲ ನೋಡಿ, ತಲೆಯಾಡಿಸಿದರು. ಸೂಜಿ ಅಮ್ಮನ ಕೈಗೆ ಬಂತು. ಓಡುವ ಗಾಡಿಯಲ್ಲಿ ಅಮ್ಮ ಒಂದು ಸಾಲು ಹೊಲಿದರು. ಬೋಗಿ ಅಲುಗಿದಾಗ ಕೈ ನಿಲ್ಲಿಸುವುದು, ನೇರವಾದಾಗ ಮುಂದುವರಿಸುವುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಸಾಲನ್ನು ಆಕೆ ಬಿಚ್ಚಲಿಲ್ಲ. ಅಯೋವಾದ ಆಟಮ್ವಾದಲ್ಲಿ ಅವರೆಲ್ಲ ಇಳಿದರು. ಎಲ್ಲೋ ಒಂದು ಆಮಿಶ್ ಮನೆಯ ಮಂಚದ ಮೇಲೆ ಅರಸೀಕೆರೆಯ ಒಂದು ಸಾಲು ಹೊಲಿಗೆ ಇದೆ ಎಂದು ಮಗಳು ಈಗಲೂ ಹೇಳುತ್ತಾಳೆ.

ಊಟ ನಮ್ಮದೇ ಪುಳಿಯೋಗರೆ, ಮೊಸರನ್ನ. ಫೋನಿಗೆ ಸಿಗ್ನಲ್ ಇಲ್ಲದ ಬಯಲು ಶುರುವಾದ ಮೇಲೆ ಮಗ ಬೇಸರಿಸಿಕೊಂಡು ಕೂತಿದ್ದ. ಅಜ್ಜಿ ಕಾಗದದ ಮೇಲೆ ಮನೆ ಬರೆದು, ಚೀಲದಿಂದ ಕವಡೆ ತೆಗೆದು ಅವನಿಗೆ ಚೌಕಾಬಾರ ಕಲಿಸಿದರು. ಓಮಾಹಾ ಬರುವವರೆಗೂ ಆಟ ನಡೆಯಿತು.

ರಾತ್ರಿ ಎಲ್ಲೋ ನೆಬ್ರಾಸ್ಕಾದಲ್ಲಿ ಗಾಡಿ ನಿಂತಿತು. ನಿಂತೇ ಇತ್ತು. ಅಮ್ಮನಿಗೆ ಗಾಬರಿಯಾದೀತೆಂದು ನಾನು ಕೆಳಗಿಳಿದು ಅವರ ಕೋಣೆಗೆ ಹೋದೆ. ಅವರು ಎಚ್ಚರವಾಗಿಯೇ ಇದ್ದರು, ಗಾಬರಿಯೇನೂ ಇರಲಿಲ್ಲ. 'ಕ್ರಾಸಿಂಗ್ ಇರಬೇಕು ಕಣೇ. ಲೂಪಿಗೆ ಹಾಕಿದಾರೆ. ಹೋಗಿ ಮಲ್ಕೋ' ಅಂದರು. ಸ್ವಲ್ಪ ಹೊತ್ತಿಗೆ ಪಕ್ಕದ ಹಳಿಯಲ್ಲಿ ಸರಕು ಗಾಡಿ ಬಂತು. ಮುಗಿಯುವುದೇ ಇಲ್ಲವೇನೋ ಎಂಬಷ್ಟು ಉದ್ದ. ಅಮೆರಿಕದಲ್ಲಿ ದೂರದ ಪ್ರಯಾಣಿಕ ರೈಲುಗಳು ಬಹುಪಾಲು ಓಡುವುದು ಸರಕು ಸಾಗಣೆ ಕಂಪನಿಗಳ ಹಳಿಯ ಮೇಲೆ. ಕಾನೂನಿನ ಪ್ರಕಾರ ಪ್ರಯಾಣಿಕರ ಗಾಡಿಗೆ ಮೊದಲು ದಾರಿ ಬಿಡಬೇಕು. ಆದರೆ ಲೂಪ್ ಲೈನಿಗಿಂತ ಸರಕು ಗಾಡಿಯೇ ಉದ್ದವಾಗಿದ್ದರೆ ಅದನ್ನು ಪಕ್ಕಕ್ಕೆ ನಿಲ್ಲಿಸುವುದಾದರೂ ಹೇಗೆ? ನಿಲ್ಲಬೇಕಾದವರು ನಾವೇ. ಗಾರ್ಡಿನ ಹೆಂಡತಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಬೆಳಗಿನ ಆ ಹೊತ್ತಿಗಾಗಿಯೇ ಈ ಗಾಡಿ ಹತ್ತಬೇಕು. ಫೋರ್ಟ್ ಮಾರ್ಗನ್ ದಾಟಿದ ಮೇಲೆ ಬಯಲಿನ ಕೊನೆಯಲ್ಲಿ ರಾಕಿ ಪರ್ವತಗಳ ಸಾಲು ಕಾಣಿಸಿಕೊಳ್ಳುತ್ತದೆ. ಮೊದಲು ಬೂದಿ ಬಣ್ಣ, ಸೂರ್ಯ ಹುಟ್ಟಿದೊಡನೆ ಹಿಮದ ತಲೆಗಳೆಲ್ಲ ಕೆಂಪು. ಡೆನ್ವರ್‌ನಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತದೆ. ಇಳಿದು, ಕಾಲಾಡಿಸಿ, ನವೀಕರಿಸಿದ ಯೂನಿಯನ್ ಸ್ಟೇಷನ್ನಿನ ಎತ್ತರದ ಹಾಲ್ ನೋಡಿ ಬರಬಹುದು. ಅಲ್ಲಿಂದ ಮುಂದೆ ಏರು. ಡೆನ್ವರ್ ಇರುವುದು 5,280 ಅಡಿ ಎತ್ತರದಲ್ಲಿ. ಸುಮಾರು 50 ಮೈಲಿಯೊಳಗೆ ಗಾಡಿ ಇನ್ನೂ ನಾಲ್ಕು ಸಾವಿರ ಅಡಿ ಹತ್ತಬೇಕು. ಬೆಟ್ಟದ ಬುಡದಲ್ಲಿ ಹಳಿ ಎಷ್ಟು ದೊಡ್ಡದಾಗಿ ಬಳಸಿ ತಿರುಗುತ್ತದೆಂದರೆ ಕಿಟಕಿಯಿಂದ ನಮ್ಮ ಎಂಜಿನ್ನೇ ನಮಗೆ ಕಾಣುತ್ತದೆ. ಆ ತಿರುವಿನಲ್ಲಿ ಮರಳು ತುಂಬಿದ ಹಳೆಯ ಸರಕು ಬೋಗಿಗಳ ಒಂದು ಸಾಲು ಕಾಯಂ ಆಗಿ ನಿಂತಿದೆ. ಬೆಟ್ಟದಿಂದ ಇಳಿಯುವ ಗಾಳಿಯ ರಭಸ ಗಾಡಿಯನ್ನು ಉರುಳಿಸದಿರಲಿ ಎಂದು ಅಡ್ಡ ನಿಲ್ಲಿಸಿದ ಗೋಡೆ ಅದು. ಆಮೇಲೆ ಒಂದರ ಹಿಂದೊಂದು ಸಣ್ಣ ಸುರಂಗಗಳು, ಮೂವತ್ತರ ಹತ್ತಿರ. ಅಮ್ಮ ಸಕಲೇಶಪುರದ ಘಾಟಿಯನ್ನು ನೆನೆಸಿಕೊಂಡರು. ಹಾಸನ-ಮಂಗಳೂರು ದಾರಿಯ ಆ ಘಾಟಿಯಲ್ಲಿ 57 ಸುರಂಗ. ಅಪ್ಪ ಒಮ್ಮೆ ನಮ್ಮನ್ನು ಅಲ್ಲಿಗೆ ಕರೆದೊಯ್ದಾಗ ಪ್ರತಿ ಸುರಂಗಕ್ಕೂ ಬೋಗಿಯ ತುಂಬ ಮಕ್ಕಳು ಕೂಗುತ್ತಿದ್ದರು. ಇಲ್ಲಿ ಯಾರೂ ಕೂಗಲಿಲ್ಲ. ನಮ್ಮ ಮಕ್ಕಳಿಗೆ ಅಜ್ಜಿ ಹೇಳಿಕೊಟ್ಟ ಮೇಲೆ ಅವರು ಕೂಗಿದರು, ಆಮೇಲೆ ಮುಂದಿನ ಸಾಲಿನ ಮಕ್ಕಳೂ ಸೇರಿಕೊಂಡರು.

ಕೊನೆಯದು ಮೊಫಾಟ್ ಸುರಂಗ. 6.2 ಮೈಲಿ, ಅಂದರೆ ಹತ್ತು ಕಿಲೋಮೀಟರ್. ಡೆನ್ವರ್‌ನ ಬ್ಯಾಂಕರ್ ಡೇವಿಡ್ ಮೊಫಾಟ್, ತನ್ನ ಊರಿನಿಂದ ನೇರ ಪಶ್ಚಿಮಕ್ಕೆ ರೈಲು ಹೋಗಲೇಬೇಕೆಂದು ಹಟ ಹಿಡಿದು ಇದ್ದ ಹಣವನ್ನೆಲ್ಲ ಸುರಿದವನು. ಸುರಂಗ ಕೊರೆಯಲು ಹಣ ಸಾಲದೆ ಆಗ ಹಳಿಯನ್ನು 11,600 ಅಡಿಗೂ ಎತ್ತರದ ರಾಲಿನ್ಸ್ ಕಣಿವೆಯ ಮೇಲೆ ಹಾಯಿಸಿದರು. ಚಳಿಗಾಲದಲ್ಲಿ ಅಲ್ಲಿ ಗಾಡಿಗಳು ಹಿಮದಲ್ಲಿ ಹೂತು ದಿನಗಟ್ಟಲೆ ನಿಂತುಬಿಡುತ್ತಿದ್ದವು. ಮೊಫಾಟ್ 1911ರಲ್ಲಿ ಸತ್ತ. ಅವನ ಹೆಸರಿನ ಸುರಂಗದೊಳಗೆ ಮೊದಲ ಗಾಡಿ ಓಡಿದ್ದು 1928ರ ಫೆಬ್ರವರಿಯಲ್ಲಿ. ಆಗ ಪಕ್ಕದಲ್ಲೇ ಕೊರೆದಿದ್ದ ಸಣ್ಣ ಸುರಂಗ ಇಂದಿಗೂ ಕೆಲಸ ಮಾಡುತ್ತಿದೆ: ಬೆಟ್ಟದ ಆಚೆಯ ಹಿಮ ಕರಗಿದ ನೀರನ್ನು ಡೆನ್ವರ್‌ನ ನಲ್ಲಿಗಳಿಗೆ ತರುವುದು ಅದೇ. ತಲೆಯ ಮೇಲೆ ಖಂಡದ ಜಲವಿಭಜಕ. ಒಂದು ಇಳಿಜಾರಿನ ಹನಿ ಅಟ್ಲಾಂಟಿಕ್ ಕಡೆಗೆ, ಇನ್ನೊಂದರದು ಪೆಸಿಫಿಕ್ ಕಡೆಗೆ.

ಸುರಂಗಕ್ಕೆ ಮುಂಚೆ ಧ್ವನಿವರ್ಧಕದಲ್ಲಿ ಸೂಚನೆ ಬಂತು: ಬೋಗಿಯಿಂದ ಬೋಗಿಗೆ ಓಡಾಡಬೇಡಿ, ಬಾಗಿಲು ತೆರೆದರೆ ಡೀಸೆಲ್ ಹೊಗೆ ಒಳಗೆ ಬರುತ್ತದೆ. ಹತ್ತು ನಿಮಿಷ ಕಗ್ಗತ್ತಲು. ಅಮ್ಮ ಕೇಳಿದರು: 'ಒಳಗೆ ಒಂದೇ ಲೈನಾ?' ನನಗೆ ಗೊತ್ತಿರಲಿಲ್ಲ. ಹೊರಗೆ ಬಂದ ಮೇಲೆ ಕಂಡಕ್ಟರನ್ನು ಕೇಳಿದೆ. ಒಂದೇ ಲೈನು, ಸುರಂಗ ಖಾಲಿಯಾಗುವವರೆಗೆ ಎದುರಿನ ಗಾಡಿ ಹೊರಗೇ ಕಾಯುತ್ತದೆ, ಪ್ರತಿ ಗಾಡಿ ಹೋದ ಮೇಲೂ ಪೂರ್ವದ ಬಾಯಿಯನ್ನು ಮುಚ್ಚಿ ದೊಡ್ಡ ಫ್ಯಾನುಗಳಿಂದ ಹೊಗೆ ಹೊರಹಾಕುತ್ತಾರೆ ಎಂದು ಅವರು ಹೇಳಿದರು. ಕೇಳಿದ್ದು ಯಾರೆಂದು ವಿಚಾರಿಸಿದರು. ನನ್ನ ತಂದೆ ಭಾರತದಲ್ಲಿ ರೈಲ್ವೆ ಗಾರ್ಡ್ ಆಗಿದ್ದರು ಎಂದಾಗ ಅಮ್ಮನ ಬಳಿ ಬಂದು ಟೋಪಿ ತೆಗೆದು ಕೈ ಕುಲುಕಿದರು. ಅಮ್ಮ ಕೈ ಕುಲುಕಿದ್ದು ಅದೇ ಮೊದಲಿರಬೇಕು.

ಸುರಂಗದ ಪಶ್ಚಿಮದ ಬಾಯಿಯಿಂದ ಬೆಳಕಿಗೆ ಬಂದ ಕ್ಷಣವೇ ಎದುರಿಗೆ ಸ್ಕೀ ಇಳಿಜಾರುಗಳು. ಅಷ್ಟು ಹತ್ತಿರ. ಡೆನ್ವರ್‌ನಿಂದ ಇಲ್ಲಿಗೆ ಸ್ಕೀ ಮಾಡುವವರಿಗೆಂದೇ 1940ರಿಂದ ಒಂದು ರೈಲು ಓಡುತ್ತಿತ್ತು. ಡೆನ್ವರ್‌ನ ಎಷ್ಟೋ ಮಕ್ಕಳು ಶನಿವಾರದ ಆ ಗಾಡಿಯಲ್ಲೇ ಬಂದು ಸ್ಕೀ ಕಲಿತರು. 2009ರಲ್ಲಿ ಅದು ನಿಂತಿತು. 2017ರ ಜನವರಿಯಲ್ಲಿ ವಿಂಟರ್ ಪಾರ್ಕ್ ಎಕ್ಸ್‌ಪ್ರೆಸ್ ಎಂಬ ಹೆಸರಿನಲ್ಲಿ ಮತ್ತೆ ಶುರುವಾಯಿತು, ಇಳಿಜಾರಿನ ಬುಡದಲ್ಲೇ ಪ್ಲಾಟ್‌ಫಾರ್ಮ್ ಕಟ್ಟಿಸಿಕೊಂಡು. ನಮ್ಮ ಝೆಫರ್ ಅಲ್ಲಿ ನಿಲ್ಲುವುದಿಲ್ಲ, ಸ್ವಲ್ಪ ಮುಂದೆ ಹೋಗಿ ಫ್ರೇಸರ್‌ನಲ್ಲಿ ನಿಲ್ಲುತ್ತದೆ. ಈ ಊರು ತನ್ನನ್ನು ದೇಶದ ಐಸ್‌ಬಾಕ್ಸ್ ಎಂದು ಕರೆದುಕೊಳ್ಳುತ್ತದೆ. ಕಾಲಿಟ್ಟರೆ ಸಾಕು, ಯಾಕೆಂದು ಗೊತ್ತಾಗುತ್ತದೆ.

ಸ್ಕೀಯಿಂಗ್ ಬಗ್ಗೆ ಹೇಳುವುದು ಕಡಿಮೆಯೇ. ಬೂಟು, ಹಲಗೆ ಎಲ್ಲ ಅಲ್ಲೇ ಬಾಡಿಗೆಗೆ. ಮೊದಲ ದಿನ ತರಗತಿ, ಎರಡನೆಯ ದಿನ ಲಿಫ್ಟು. ಮಗ ಬೇಗ ಕಲಿತ, ಮಗಳು ನಿಧಾನವಾಗಿ ಕಲಿತು ಅವನಿಗಿಂತ ಚೆನ್ನಾಗಿ ಮಾಡಿದಳು. ಅಮ್ಮನಿಗೆ ಒಂಬತ್ತು ಸಾವಿರ ಅಡಿಯ ಗಾಳಿ ತೆಳುವಾಗಿತ್ತು. ಡಾಕ್ಟರು ಹೇಳಿದಂತೆ ನೀರು ಕುಡಿಯುತ್ತ, ನಿಧಾನ ಹೆಜ್ಜೆ ಹಾಕುತ್ತ, ದೊಡ್ಡ ಗಾಜಿನ ಕಿಟಕಿಯ ಪಕ್ಕ ಕೂತರು. ಅಲ್ಲಿಂದ ಅವರು ಕಂಡದ್ದನ್ನು ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಹುಡುಗಿಯೊಬ್ಬಳು ಇಳಿಜಾರಿನಲ್ಲಿ ಬರುತ್ತಿದ್ದಳು. ಹಿಂದೆಯೇ ಒಬ್ಬರು ಎಡ, ಬಲ ಎಂದು ಕೂಗಿ ಹೇಳುತ್ತಿದ್ದರು. ಆ ಹುಡುಗಿಗೆ ಕಣ್ಣು ಕಾಣುತ್ತಿರಲಿಲ್ಲ. ವಿಂಟರ್ ಪಾರ್ಕಿನಲ್ಲಿ ಅಂಗವಿಕಲರಿಗೆ ಸ್ಕೀ ಕಲಿಸುವ ಕೆಲಸ 1970ರಲ್ಲಿ, ಡೆನ್ವರ್‌ನ ಆಸ್ಪತ್ರೆಯೊಂದರ ಕಾಲು ಕಳೆದುಕೊಂಡ ಮಕ್ಕಳಿಂದ ಶುರುವಾಗಿ, ಈಗ ದೊಡ್ಡ ಸಂಸ್ಥೆಯಾಗಿ ಬೆಳೆದಿದೆ. ಒಂದೇ ಕಾಲಿನವರು, ಕೂತು ಜಾರುವವರು, ಎಲ್ಲರೂ ಆ ಕಿಟಕಿಯ ಮುಂದೆ ಹಾದುಹೋದರು. ಮಾರನೆಯ ದಿನ ಊರು ಸುತ್ತೋಣ ಎಂದರೆ ಅಮ್ಮ ಒಪ್ಪಲಿಲ್ಲ. 'ನಾಳೇನೂ ಅಲ್ಲೇ ಕೂರ್ತೀನಿ' ಅಂದರು.

ಇನ್ನೊಂದು ವರ್ಷ ಫ್ರೇಸರ್‌ನಲ್ಲಿ ಇಳಿಯದೆ ಮುಂದೆ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ವರೆಗೆ ಹೋದೆವು. ಕೊಲರಾಡೊ ನದಿಯ ಜೊತೆಗೇ ಹಳಿ ಹೋಗುತ್ತದೆ. ಗೋರ್ ಕಣಿವೆಯಲ್ಲಿ ಬಂಡೆ, ನೀರು, ಹಳಿ ಬಿಟ್ಟರೆ ರಸ್ತೆಯೇ ಇಲ್ಲ. ಸ್ಟೇಷನ್ನಿಂದ ಹೊಳೆ ದಾಟಿದರೆ ಬಿಸಿನೀರ ಬುಗ್ಗೆಯ ದೊಡ್ಡ ಕೊಳ. ತಲೆಯ ಮೇಲೆ ಹಿಮ ಬೀಳುತ್ತಿರುವಾಗ ಕತ್ತಿನವರೆಗೂ ಬಿಸಿನೀರಲ್ಲಿ ಮುಳುಗಿದ್ದ ಮಕ್ಕಳು ಆಚೆ ಬರಲು ಒಪ್ಪಲೇ ಇಲ್ಲ.

ವಾಪಸು ಬರುವಾಗ ಒಮ್ಮೆ ಪಶ್ಚಿಮದಲ್ಲೆಲ್ಲೋ ಹಿಮ ಬಿದ್ದು ಗಾಡಿ ಗಂಟೆಗಟ್ಟಲೆ ತಡವಾಯಿತು. ಫ್ರೇಸರ್‌ನ ಪುಟ್ಟ ಕಾಯುವ ಕೋಣೆಯಲ್ಲಿ ಗುರುತಿಲ್ಲದ ಹತ್ತಾರು ಜನ. ಅಮ್ಮನ ಡಬ್ಬಿಯ ಖಾರದ ಅವಲಕ್ಕಿ ಎಲ್ಲರಿಗೂ ಹಂಚಿಹೋಯಿತು. ಯಾರದೋ ಫ್ಲಾಸ್ಕಿನ ಬಿಸಿ ಚಾಕೊಲೇಟ್ ನಮ್ಮ ಮಕ್ಕಳಿಗೆ ಸಿಕ್ಕಿತು. ದೂರದಲ್ಲಿ ಎಂಜಿನ್ನಿನ ದೀಪ ಕಂಡಾಗ ಎಲ್ಲರೂ ಒಟ್ಟಿಗೆ ಎದ್ದು ನಿಂತರು. ಬೊಂಬಾಯಿ ಗಾಡಿಗೆ ಕಾಯುತ್ತಿದ್ದ ಮೀರಜ್‌ನ ಪ್ಲಾಟ್‌ಫಾರ್ಮಿನಲ್ಲೂ ಜನ ಹೀಗೇ ಏಳುತ್ತಿದ್ದರು.

ಒಂದು ಕಾಲಕ್ಕೆ ಈ ಝೆಫರ್ ಜೊತೆಗೇ ಸಿಯಾಟಲ್‌ಗೆ ಹೋಗುವ ಬೋಗಿಗಳೂ, ಲಾಸ್ ಏಂಜಲೀಸ್‌ಗೆ ಹೋಗುವ ಬೋಗಿಗಳೂ ಶಿಕಾಗೋದಿಂದ ಹೊರಟು, ದಾರಿಯಲ್ಲಿ ಕಳಚಿಕೊಂಡು ತಮ್ಮ ತಮ್ಮ ದಿಕ್ಕು ಹಿಡಿಯುತ್ತಿದ್ದವು. ಅರಸೀಕೆರೆ ಜಂಕ್ಷನ್ನಿನಲ್ಲಿ ಬೋಗಿ ಕಳಚಿ ಜೋಡಿಸುವುದನ್ನು ನೋಡುತ್ತ ಬೆಳೆದ ನನಗೆ ಅದರ ಸಂಭ್ರಮ ಗೊತ್ತು. 1997ರಲ್ಲಿ ಆ ಎರಡೂ ಗಾಡಿಗಳು ನಿಂತುಹೋದವು. ಅವು ಮುಟ್ಟುತ್ತಿದ್ದ ಎಷ್ಟೋ ಸಣ್ಣ ಊರುಗಳಿಗೆ ಆಮೇಲೆ ರೈಲು ಬರಲೇ ಇಲ್ಲ. ದೂರದ ರೈಲುಗಳು ಇಲ್ಲಿ ಬದುಕುವುದು ಸರ್ಕಾರದ ಅನುದಾನದ ಮೇಲೆ. ಆಗಾಗ ಯಾರಾದರೂ ಈ ಗಾಡಿಗಳು ಯಾಕೆ ಬೇಕು, ವಿಮಾನವಿದೆಯಲ್ಲ ಎಂದು ಕೇಳುತ್ತಾರೆ. ಆಟಮ್ವಾದ ಆ ಆಮಿಶ್ ಅಜ್ಜಿಗೆ ವಿಮಾನವಿಲ್ಲ. ನೆಬ್ರಾಸ್ಕಾದ ಮೆಕುಕ್‌ನಲ್ಲಿ ನಡುರಾತ್ರಿ ದಾಟಿ ಇಳಿಯುವ ಮುದುಕರಿಗೆ ಮನೆ ಮುಂದಿನ ಸ್ಟೇಷನ್ ಬಿಟ್ಟರೆ ಬೇರೆ ದಾರಿ ಕಷ್ಟ. ಒಮ್ಮೆ ಕಿತ್ತ ಗಾಡಿಯನ್ನು ಮತ್ತೆ ಹಳಿಗೆ ತರುವುದು ಸುಲಭವಲ್ಲ. ಡೆನ್ವರ್‌ನ ಸ್ಕೀ ರೈಲು ಮರಳಿ ಬಂದದ್ದು ಅಪರೂಪ.

ಅಮೆರಿಕದಲ್ಲಿರುವ ಕನ್ನಡದ ಕುಟುಂಬಗಳಿಗೆ ನನ್ನದೊಂದು ಕೋರಿಕೆ. ಊರಿಂದ ಅಪ್ಪ ಅಮ್ಮ ಬಂದಾಗ ನಯಾಗರಾಕ್ಕೆ ಕರೆದುಕೊಂಡು ಹೋಗುತ್ತೀರಿ, ಹೋಗಿ. ಒಂದು ಸಲ ಈ ಗಾಡಿಯನ್ನೂ ಹತ್ತಿಸಿ. ಟಿಕೆಟ್ ತಿಂಗಳುಗಳ ಮೊದಲೇ ಮಾಡಿಸಿ, ಆಗ ದರ ಕಡಿಮೆ ಸಿಗುತ್ತದೆ. ಬುತ್ತಿ ಕಟ್ಟಿಕೊಳ್ಳಿ. ಹಿಂತಿರುಗಿದ ಮರುದಿನಕ್ಕೆ ಆಫೀಸಿನ ಕೆಲಸ ಇಟ್ಟುಕೊಳ್ಳಬೇಡಿ, ಗಾಡಿ ತಡವಾಗಬಹುದು. ಡೆನ್ವರ್ ಬಿಡುವ ಮೊದಲೇ ಲೌಂಜ್ ಬೋಗಿಯಲ್ಲಿ ಜಾಗ ಹಿಡಿಯಿರಿ. ಗಾಡಿ ಶಿಕಾಗೋದಿಂದ ಮಧ್ಯಾಹ್ನ ಎರಡರ ಹೊತ್ತಿಗೆ ಹೊರಡುತ್ತದೆ, ದಿನವೂ.